ಅಮೆರಿಕದ ರಾಜಕಾರಣಿ ಎಷ್ಟು ಲಿಬರ್ಟೇರಿಯನ್? ಮತದ ದಾಖಲೆ ಓದುವ ಕ್ರಮ

2011ರ ಡಿಸೆಂಬರ್‌ನಲ್ಲಿ ಪಾಲ್ ರಯಾನ್ ಮತ್ತು ರಾನ್ ವೈಡನ್ ಸೇರಿ, ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಸುಧಾರಣೆಗೆ ಒಂದು ಜಂಟಿ ಯೋಜನೆ ಮುಂದಿಟ್ಟರು. ರಯಾನ್ ವಿಸ್ಕಾನ್ಸಿನ್‌ನ ರಿಪಬ್ಲಿಕನ್. ಸರ್ಕಾರದ ಖರ್ಚು ಇಳಿಯಬೇಕು ಎಂದು ಹೇಳಿ ಹೇಳಿಯೇ ಹೆಸರು ಮಾಡಿದವರು, ಮರುವರ್ಷ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು, ಆಮೇಲೆ ಸ್ಪೀಕರ್ ಆದವರು. ವೈಡನ್ ಒರೆಗಾನ್‌ನ ಡೆಮಾಕ್ರಾಟ್, 1996ರಿಂದ ಸೆನೆಟರ್. ಇವರಿಬ್ಬರಲ್ಲಿ, ಸರ್ಕಾರದ ಕೈ ಆದಷ್ಟು ಗಿಡ್ಡವಿರಬೇಕು ಎನ್ನುವ ಲಿಬರ್ಟೇರಿಯನ್ ತತ್ವಕ್ಕೆ ಹತ್ತಿರದವರು ಯಾರು ಎಂದು ಕೇಳಿದರೆ, ಅಮೆರಿಕದ ರಾಜಕೀಯವನ್ನು ಅಷ್ಟಿಷ್ಟು ಬಲ್ಲವರು ಥಟ್ಟನೆ ರಯಾನ್ ಎಂದುಬಿಡುತ್ತಾರೆ. ನಾನೂ ಹಾಗೆಂದೇ ತಿಳಿದಿದ್ದೆ. ಇಬ್ಬರ ಮತಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡ ಮೇಲೆ ಆ ಮಾತು ಗಂಟಲಲ್ಲೇ ನಿಂತಿತು.

ಆ ಲೆಕ್ಕ ಕೊನೆಗೆ ಎಲ್ಲಿಗೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಲೆಕ್ಕ ಹಾಕುವ ಕ್ರಮ. ಇದಕ್ಕೆ ರಾಜ್ಯಶಾಸ್ತ್ರದ ಪದವಿ ಬೇಡ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಇಂಟರ್ನೆಟ್ ಮತ್ತು ಒಂದೆರಡು ಸಂಜೆಯ ಬಿಡುವು ಇದ್ದರೆ ಸಾಕು.

1. ಹೆಸರು ನೋಡುವ ಮೊದಲು ಅಳತೆಗೋಲು ಬರೆದಿಡಿ

ಈ ಕೆಲಸ ಹಳ್ಳ ಹಿಡಿಯುವುದೇ ಇಲ್ಲಿ. ಮೊದಲು ರಾಜಕಾರಣಿಯನ್ನು ಆರಿಸಿಕೊಂಡು ಆಮೇಲೆ ಮತಗಳನ್ನು ಹೆಕ್ಕಲು ಕೂತರೆ, ಆತನನ್ನು ಮೆಚ್ಚುವವರಿಗೆ ಮೆಚ್ಚುವ ಮತಗಳೇ ಸಿಗುತ್ತವೆ, ಬಯ್ಯುವವರಿಗೆ ಬಯ್ಯುವಂಥವೇ ಸಿಗುತ್ತವೆ. ಆದ್ದರಿಂದ ಯಾವ ವಿಷಯಗಳನ್ನು ನೋಡುತ್ತೇನೆ, ಯಾವುದನ್ನು ಸರಿ ಎನ್ನುತ್ತೇನೆ ಎಂಬುದನ್ನು ಮೊದಲೇ ಬರೆದು ತಾರೀಕು ಹಾಕಿಡಿ.

ಲಿಬರ್ಟೇರಿಯನ್ ಪದಕ್ಕೆ ಕನ್ನಡದಲ್ಲಿ ಒಪ್ಪುವ ಪದ ಸಿಗುವುದು ಕಷ್ಟ. ಸ್ವೇಚ್ಛಾವಾದ ಎಂದರೆ ಸ್ವೇಚ್ಛಾಚಾರದ ವಾಸನೆ ಬರುತ್ತದೆ. ಉದಾರವಾದ ಎಂದರೆ ಲಿಬರಲ್ ಆಗಿಬಿಡುತ್ತದೆ, ಅಮೆರಿಕದಲ್ಲಿ ಲಿಬರಲ್ ಎಂದರೆ ಬಹುತೇಕ ಡೆಮಾಕ್ರಾಟರು. ಹಾಗಾಗಿ ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳುತ್ತೇನೆ. ತಿರುಳು ಇಷ್ಟು: ನನ್ನ ದೇಹ ನನ್ನದು, ದುಡಿದದ್ದು ನನ್ನದು, ಬೇರೆಯವರ ತಂಟೆಗೆ ಹೋಗದಿರುವವರೆಗೆ ಸರ್ಕಾರ ನನ್ನ ತಂಟೆಗೆ ಬರಬಾರದು. ಈ ವಾದ ಅಂಗಡಿಗೂ ಅನ್ವಯಿಸುತ್ತದೆ, ಮಲಗುವ ಕೋಣೆಗೂ ಅನ್ವಯಿಸುತ್ತದೆ. ಎಡ-ಬಲ ಎಂಬ ಒಂದೇ ಗೆರೆಯ ಮೇಲೆ ಇಂಥವರನ್ನು ನಿಲ್ಲಿಸಲು ಬರುವುದಿಲ್ಲ ಎಂದೇ ಡೇವಿಡ್ ನೋಲನ್ ಎರಡು ಗೆರೆಗಳ ನಕ್ಷೆ ಬರೆದರು. ಒಂದು ಗೆರೆ ಆರ್ಥಿಕ ಸ್ವಾತಂತ್ರ್ಯಕ್ಕೆ, ಇನ್ನೊಂದು ವೈಯಕ್ತಿಕ ಸ್ವಾತಂತ್ರ್ಯಕ್ಕೆ. 1971ರ ಡಿಸೆಂಬರ್‌ನಲ್ಲಿ ಕೊಲರಾಡೊದಲ್ಲಿ ಲಿಬರ್ಟೇರಿಯನ್ ಪಕ್ಷ ಕಟ್ಟಿದವರಲ್ಲಿ ಅವರೂ ಒಬ್ಬರು.

ನಾನು ಮೂರು ಕಾಲಂ ಇಡುತ್ತೇನೆ. ಮೊದಲನೆಯದರಲ್ಲಿ ಹಣದ ವಿಷಯ: ತೆರಿಗೆ, ಖರ್ಚು, ಸಬ್ಸಿಡಿ, ಕಂಪನಿಗಳಿಗೆ ಕೊಡುವ ನೆರವು, ವ್ಯಾಪಾರ. ಎರಡನೆಯದರಲ್ಲಿ ಖಾಸಗಿ ಬದುಕು: ಗಾಂಜಾ, ಮದುವೆ, ಬಂದೂಕು, ವಾಕ್ ಸ್ವಾತಂತ್ರ್ಯ. ಮೂರನೆಯದರಲ್ಲಿ ಯುದ್ಧ ಮತ್ತು ಗೂಢಚರ್ಯೆ. ಮೂರನೆಯದನ್ನು ಬೇರೆ ಇಡದಿದ್ದರೆ ಅರ್ಧ ಚಿತ್ರವೇ ಮಾಯವಾಗುತ್ತದೆ.

ಲಿಬರ್ಟೇರಿಯನ್‌ಗಳೇ ತಮ್ಮತಮ್ಮಲ್ಲಿ ಕಿತ್ತಾಡುವ ವಿಷಯಗಳನ್ನು ಲೆಕ್ಕದಿಂದ ಹೊರಗಿಡಿ. ಗರ್ಭಪಾತ ಅಂಥದ್ದು, ವಲಸೆಯ ಬಹುಪಾಲು ಪ್ರಶ್ನೆಗಳೂ ಅಂಥವೇ. ಅಲ್ಲಿ ನೀವು ಕೊಡುವ ಅಂಕ ತತ್ವವನ್ನು ಅಳೆಯುವುದಿಲ್ಲ, ನಿಮ್ಮ ಒಲವನ್ನು ಅಳೆಯುತ್ತದೆ.

2. ದಾಖಲೆ ಎಲ್ಲಿದೆ, ಎಲ್ಲಿಲ್ಲ

ಇಲ್ಲಿ ಕಾಂಗ್ರೆಸ್ ಎಂದರೆ ಅಮೆರಿಕದ ಸಂಸತ್ತು. ಕೆಳಮನೆ ಹೌಸ್, 435 ಸದಸ್ಯರು. ಮೇಲ್ಮನೆ ಸೆನೆಟ್, 100 ಸದಸ್ಯರು. ಹೌಸ್‌ನ ಮತಗಳು ಹೌಸ್ ಕ್ಲರ್ಕ್ ಅವರ ಜಾಲತಾಣದಲ್ಲಿವೆ, ಸೆನೆಟ್‌ನವು ಸೆನೆಟ್‌ನ ತಾಣದಲ್ಲಿವೆ. ಹೆಸರುವಾರು ದಾಖಲಾದ ಪ್ರತಿ ಮತಕ್ಕೂ ರೋಲ್ ಕಾಲ್ ಸಂಖ್ಯೆ ಇರುತ್ತದೆ. ಮಸೂದೆಯ ಪೂರ್ಣ ಪಠ್ಯ ಬೇಕಿದ್ದರೆ ಕಾಂಗ್ರೆಸ್ ಡಾಟ್ ಗವ್. ಒಬ್ಬ ಸದಸ್ಯನ ಮತಗಳನ್ನೆಲ್ಲ ಒಂದೇ ಕಡೆ ನೋಡಬೇಕಿದ್ದರೆ ಗವ್‌ಟ್ರ್ಯಾಕ್ ಅನುಕೂಲ.

ಎಲ್ಲ ಮತಗಳೂ ಹೆಸರಿನೊಂದಿಗೆ ದಾಖಲಾಗುವುದಿಲ್ಲ ಎಂಬುದು ತಿಳಿದಿರಲಿ. ಧ್ವನಿಮತ ಇದೆ, ಯಾರದೂ ಆಕ್ಷೇಪವಿಲ್ಲ ಎಂದು ಸರಸರ ಮುಗಿಸಿಬಿಡುವ ಸರ್ವಾನುಮತವೂ ಇದೆ. ಹಾಜರಿರುವವರಲ್ಲಿ ಐದನೇ ಒಂದರಷ್ಟು ಜನ ಕೇಳಿದರೆ ಹೆಸರುವಾರು ಮತ ದಾಖಲಿಸಲೇಬೇಕು ಎಂದು ಸಂವಿಧಾನದಲ್ಲೇ ಇದೆ. 2020ರ ಮಾರ್ಚ್ 27ರಂದು, ಕೊರೋನಾ ಪರಿಹಾರದ 2.2 ಲಕ್ಷ ಕೋಟಿ ಡಾಲರಿನ ಕೇರ್ಸ್ ಕಾಯ್ದೆ ಹೌಸ್ ಮುಂದೆ ಬಂದಾಗ, ಕೆಂಟಕಿಯ ಥಾಮಸ್ ಮ್ಯಾಸಿ ಹೆಸರುವಾರು ಮತ ಬೇಕೆಂದು ಪಟ್ಟು ಹಿಡಿದರು. ಅವರ ಜೊತೆ ನಿಂತವರ ಸಂಖ್ಯೆ ಸಾಲಲಿಲ್ಲ. ಅಮೆರಿಕದ ಇತಿಹಾಸದ ಅತಿ ದೊಡ್ಡ ಖರ್ಚಿನ ಮಸೂದೆಗಳಲ್ಲೊಂದು ಹೌಸ್‌ನಲ್ಲಿ ಧ್ವನಿಮತದಲ್ಲೇ ಪಾಸಾಯಿತು. ಎರಡು ದಿನ ಮೊದಲು ಸೆನೆಟ್‌ನಲ್ಲಿ 96-0 ಎಂದು ಹೆಸರುವಾರು ದಾಖಲಾಗಿತ್ತು. ಹೌಸ್ ಸದಸ್ಯರ ವಿಷಯದಲ್ಲಿ ಆ ಜಾಗ ಖಾಲಿ. ನಾನು ಯಾವತ್ತೂ ಖರ್ಚಿನ ವಿರೋಧಿ ಎಂದು ಹೇಳಿಕೊಳ್ಳುವ ಸದಸ್ಯರಿಗೆ ಇಂಥ ಖಾಲಿ ಜಾಗ ಎಷ್ಟು ಅನುಕೂಲ ಎಂಬುದನ್ನು ನೀವೇ ಊಹಿಸಿ.

3. ಪ್ರಶ್ನೆ ಏನಿತ್ತು ಎಂದು ಓದಿ

ನನ್ನದೇ ಎಡವಟ್ಟು ಹೇಳುತ್ತೇನೆ. 2001 ಮತ್ತು 2002ರಲ್ಲಿ ಯುದ್ಧಕ್ಕೆ ಕೊಟ್ಟ ಅನುಮತಿಗಳನ್ನು ರದ್ದು ಮಾಡಬೇಕು ಎಂಬ ಸೆನೆಟರ್ ರ್‍ಯಾಂಡ್ ಪಾಲ್ ಅವರ ತಿದ್ದುಪಡಿ 2017ರ ಸೆಪ್ಟೆಂಬರ್‌ನಲ್ಲಿ ಸೆನೆಟ್‌ಗೆ ಬಂತು. ಫಲಿತಾಂಶ 61-36. ಅರವತ್ತೊಂದು ಜನ ಯುದ್ಧದ ಅನುಮತಿ ರದ್ದಾಗಲಿ ಎಂದಿದ್ದಾರಲ್ಲ ಎಂದು ಖುಷಿಪಟ್ಟು ಅವರಿಗೆಲ್ಲ ಪ್ಲಸ್ ಹಾಕಿದೆ. ಇಷ್ಟು ಬೆಂಬಲವಿದ್ದೂ ಆ ಅನುಮತಿಗಳು ಯಾಕೆ ಹಾಗೇ ಉಳಿದವು ಎಂಬ ಅನುಮಾನ ಬಂದು ಮತ್ತೆ ತೆರೆದು ನೋಡಿದರೆ, ಮತಕ್ಕೆ ಹಾಕಿದ್ದು ತಿದ್ದುಪಡಿಯನ್ನಲ್ಲ, ಮೋಷನ್ ಟು ಟೇಬಲ್ ಅನ್ನು. ಅಮೆರಿಕದ ಸೆನೆಟ್‌ನಲ್ಲಿ ಟೇಬಲ್ ಮಾಡುವುದೆಂದರೆ ಪ್ರಸ್ತಾವವನ್ನು ಅಲ್ಲೇ ಮಣ್ಣು ಮಾಡುವುದು. ಯೇ (ಹೌದು) ಎಂದ 61 ಜನ ರದ್ದತಿಯನ್ನು ಕೊಂದವರು, ನೇ (ಬೇಡ) ಎಂದ 36 ಜನ ಅದರ ಪರ ನಿಂತವರು. ಇಡೀ ಕಾಲಂ ತಲೆಕೆಳಗಾಗಿತ್ತು.

ಆದ್ದರಿಂದ ಪುಟದ ಮೇಲ್ಭಾಗದಲ್ಲಿ ‘ಪ್ರಶ್ನೆ’ ಎಂದು ಒಂದು ಸಾಲು ಇರುತ್ತದಲ್ಲ, ಅದನ್ನು ಓದದೆ ಕೆಳಗಿನ ಹೆಸರುಗಳಿಗೆ ಹೋಗಬೇಡಿ. ಮಸೂದೆಯ ಅಂಗೀಕಾರವೇ, ತಿದ್ದುಪಡಿಯೇ, ಸಮಿತಿಗೆ ವಾಪಸು ಕಳಿಸುವ ಗೊತ್ತುವಳಿಯೇ, ಚರ್ಚೆ ಮುಗಿಸುವ ಕ್ಲೋಚರೇ?

ಕ್ಲೋಚರ್‌ನಂತೆ 60 ಮತ ಬೇಕಾಗುವ ಕಡೆ ಇನ್ನೊಂದು ಚಮತ್ಕಾರ ಇದೆ. ಸೋತ ಮತವನ್ನು ಮತ್ತೆ ಎತ್ತಬೇಕಾದರೆ ಆ ಗೊತ್ತುವಳಿ ತರುವವರು ಗೆದ್ದ ಬಣದಲ್ಲಿ ಮತ ಹಾಕಿರಬೇಕು. ಹಾಗಾಗಿ ಸೋಲು ಖಚಿತವಾದಾಗ ಬಹುಮತ ಪಕ್ಷದ ನಾಯಕ ತನ್ನದೇ ಪ್ರಸ್ತಾವಕ್ಕೆ ಬೇಕೆಂದೇ ವಿರೋಧ ಹಾಕುತ್ತಾನೆ. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯ ಮಾಂಚಿನ್-ಟೂಮಿ ತಿದ್ದುಪಡಿಗೆ 2013ರ ಏಪ್ರಿಲ್‌ನಲ್ಲಿ 60 ಮತ ಬೇಕಿತ್ತು, ಬಂದದ್ದು 54. ಆ 46 ವಿರೋಧಿಗಳ ಪಟ್ಟಿಯಲ್ಲಿ ಹ್ಯಾರಿ ರೀಡ್ ಹೆಸರೂ ಇದೆ. ತಿದ್ದುಪಡಿಯನ್ನು ಬೆಂಬಲಿಸಿದ್ದ ನಾಯಕ ಅವರು. ಕಣ್ಣುಮುಚ್ಚಿ ಅಂಕ ಹಾಕಿದರೆ ಬಂದೂಕು ಹಕ್ಕಿನ ವಿಷಯದಲ್ಲಿ ರೀಡ್‌ಗೆ ಒಂದು ಪುಕ್ಕಟೆ ಪ್ಲಸ್.

4. ಪ್ಲಸ್ಸೋ ಮೈನಸ್ಸೋ: ಇರುವ ಕಾನೂನಿನೊಂದಿಗೆ ಹೋಲಿಸಿ

ಪ್ರತಿ ಮಸೂದೆಗೂ ಒಂದೇ ಪ್ರಶ್ನೆ ಕೇಳಿ: ಇದು ಪಾಸಾದರೆ ಈಗ ಇರುವುದಕ್ಕಿಂತ ಸರ್ಕಾರದ ಕೈ ಉದ್ದವಾಗುತ್ತದೋ ಗಿಡ್ಡವಾಗುತ್ತದೋ? ಕನಸಿನ ಕಾನೂನಿನೊಂದಿಗೆ ಹೋಲಿಸಲು ಹೋದರೆ ಎಲ್ಲ ಮಸೂದೆಯೂ ಮೈನಸ್ ಆಗುತ್ತದೆ.

ಹೇಳುವುದು ಸುಲಭ, ಮಾಡುವುದು ಕಷ್ಟ. ಫೋನ್ ಕರೆಗಳ ವಿವರವನ್ನು ಸರ್ಕಾರ ಸಾರಾಸಗಟಾಗಿ ಬಾಚಿಕೊಳ್ಳುವುದನ್ನು ನಿಲ್ಲಿಸಲು ತಂದ ಯುಎಸ್‌ಎ ಫ್ರೀಡಂ ಕಾಯ್ದೆ 2015ರ ಜೂನ್ 2ರಂದು ಸೆನೆಟ್‌ನಲ್ಲಿ 67-32ರಿಂದ ಪಾಸಾಯಿತು. ವಿರೋಧಿಸಿದ 32 ಜನರಲ್ಲಿ ಕೆಂಟಕಿಯ ಇಬ್ಬರೂ ಸೆನೆಟರುಗಳು ಇದ್ದರು. ಮಿಚ್ ಮೆಕಾನಲ್ ವಿರೋಧಿಸಿದ್ದು ಇದು ಗೂಢಚರ್ಯೆಯ ಕೈ ಕಟ್ಟುತ್ತದೆ ಎಂದು. ರ್‍ಯಾಂಡ್ ಪಾಲ್ ವಿರೋಧಿಸಿದ್ದು ಇದು ಸಾಕಷ್ಟು ಕಟ್ಟುವುದಿಲ್ಲ ಎಂದು. ಒಂದೇ ರಾಜ್ಯ, ಒಂದೇ ಪಕ್ಷ, ಒಂದೇ ನೇ, ಕಾರಣ ಉತ್ತರ-ದಕ್ಷಿಣ. ಇಂಥ ಕಡೆ ಮಾತ್ರ ಭಾಷಣ ಓದಿ, ಉಳಿದ ಕಡೆ ಬೇಡ. ಭಾಷಣವೂ ಮತ ಹಾಕಿದ ದಿನದ್ದೇ ಆಗಿರಲಿ. ಎರಡು ವರ್ಷದ ಮೇಲೆ ಪ್ರಚಾರದಲ್ಲಿ ಕೊಟ್ಟ ಸಮಜಾಯಿಷಿಗೆ ಬೆಲೆ ಕಟ್ಟಬೇಡಿ.

ವ್ಯಾಪಾರ ಒಪ್ಪಂದಗಳದ್ದೂ ಇದೇ ಗೋಳು. 2005ರ ಮಧ್ಯ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ ಕಾಫ್ಟಾ, ಹೌಸ್‌ನಲ್ಲಿ 217-215ರ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಸುಂಕ ಇಳಿಸುವುದರಿಂದ ಪ್ಲಸ್ ಎಂದು ನಾನು ಬರೆದುಕೊಂಡೆ. ಆದರೆ ಟೆಕ್ಸಾಸ್‌ನ ರಾನ್ ಪಾಲ್ ವಿರೋಧಿಸಿದ್ದರು. ಅವರ ಲೆಕ್ಕದಲ್ಲಿ ಸರ್ಕಾರಗಳು ಕೂತು ನಿಯಮ ಹೆಣೆದು ನಡೆಸುವ ವ್ಯಾಪಾರ ಮುಕ್ತ ವ್ಯಾಪಾರವೇ ಅಲ್ಲ. ವೈದ್ಯರೂ ಆಗಿದ್ದ ಅವರಿಗೆ ಸದಾ ಬೇಡ ಎನ್ನುವವರು ಎಂದೇ ‘ಡಾಕ್ಟರ್ ನೋ’ ಎಂಬ ಅಡ್ಡಹೆಸರು ಬಿದ್ದಿತ್ತು. ಇಂಥವಕ್ಕೆ ಪಕ್ಕದಲ್ಲಿ ಒಂದು ಚುಕ್ಕಿ ಇಡಿ. ಕೊನೆಯಲ್ಲಿ ಚುಕ್ಕಿ ಇರುವ ಮತಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಎಣಿಸಬಹುದು.

ಮೂಟೆ ಮಸೂದೆಗಳ ಬಗ್ಗೆ ಎಚ್ಚರ. 2018ರ ಮಾರ್ಚ್‌ನ ಖರ್ಚಿನ ಮಸೂದೆ 2,232 ಪುಟ. ಬೇರೆ ದೇಶದ ಸರ್ವರ್‌ನಲ್ಲಿರುವ ಮಾಹಿತಿಯನ್ನೂ ಅಮೆರಿಕದ ಕಂಪನಿಗಳಿಂದ ತನಿಖಾಧಿಕಾರಿಗಳು ಪಡೆಯಬಹುದೆನ್ನುವ ಕ್ಲೌಡ್ ಕಾಯ್ದೆಯನ್ನು ಅದರೊಳಗೇ ಸೇರಿಸಿಬಿಟ್ಟಿದ್ದರು. ಅದಕ್ಕೆ ಯೇ ಎಂದವರು ಯಾವುದಕ್ಕೆ ಯೇ ಎಂದರು? ಇಂಥದ್ದನ್ನು ಹಣದ ಕಾಲಂನಲ್ಲಿ ಮಾತ್ರ ಎಣಿಸಿ, ಗೂಢಚರ್ಯೆಯ ಕಾಲಂಗೆ ಎಳೆಯಬೇಡಿ. ಒಂದೇ ಒಂದು ವಿಷಯದ ತಿದ್ದುಪಡಿಗಳು ಇದಕ್ಕಿಂತ ನೂರು ಪಾಲು ಮೇಲು.

5. ಪಕ್ಷ ಒಂದು ಕಡೆ, ತತ್ವ ಒಂದು ಕಡೆ ಎಳೆದ ದಿನಗಳನ್ನು ಹುಡುಕಿ

ಈ ಹೆಜ್ಜೆ ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಪಕ್ಷವೂ ತತ್ವವೂ ಒಂದೇ ದಿಕ್ಕಿಗೆ ಎಳೆದಾಗ ಹಾಕಿದ ಮತ ಏನನ್ನೂ ಹೇಳುವುದಿಲ್ಲ. 2010ರಲ್ಲಿ ಒಬಾಮಾ ಆರೋಗ್ಯ ಕಾಯ್ದೆಗೆ ಹೌಸ್‌ನ ರಿಪಬ್ಲಿಕನ್ನರು ಒಬ್ಬರೂ ಬಿಡದೆ ವಿರೋಧ ಹಾಕಿದರು. ಅವರಲ್ಲಿ ಯಾರು ತತ್ವಕ್ಕಾಗಿ ಹಾಕಿದರು, ಯಾರು ಪಕ್ಷ ಹೇಳಿತೆಂದು ಹಾಕಿದರು ಎಂಬುದನ್ನು ಆ ಮತದಿಂದ ಬೇರ್ಪಡಿಸಲು ದೇವರಿಂದಲೂ ಆಗದು.

ಹುಡುಕಬೇಕಾದದ್ದು ಎರಡೂ ಪಕ್ಷಗಳು ಒಳಗೊಳಗೇ ಒಡೆದ ಮತಗಳನ್ನು. 2008ರ ಸೆಪ್ಟೆಂಬರ್ 29ರಂದು ಬ್ಯಾಂಕುಗಳನ್ನು ಉಳಿಸುವ 70 ಸಾವಿರ ಕೋಟಿ ಡಾಲರಿನ ಟಾರ್ಪ್ ಮಸೂದೆ ಹೌಸ್‌ನಲ್ಲಿ 205-228ರಿಂದ ಬಿದ್ದಿತು. ಷೇರುಪೇಟೆಯ ಡೌ ಸೂಚ್ಯಂಕ ಅದೇ ದಿನ 777 ಅಂಶ ಕುಸಿಯಿತು. ರಿಪಬ್ಲಿಕನ್ನರಲ್ಲಿ 65 ಪರ, 133 ವಿರೋಧ. ಡೆಮಾಕ್ರಾಟರಲ್ಲಿ 140 ಪರ, 95 ವಿರೋಧ. 2013ರ ಜುಲೈ 24ರಂದು ಗೂಢಚರ್ಯೆ ಸಂಸ್ಥೆಯಾದ ಎನ್‌ಎಸ್‌ಎ ಫೋನ್ ದಾಖಲೆಗಳನ್ನು ಬಾಚುವುದಕ್ಕೆ ಹಣ ನಿಲ್ಲಿಸುವ ಅಮಾಶ್-ಕಾನ್ಯರ್ಸ್ ತಿದ್ದುಪಡಿ 205-217ರಿಂದ ಸೋತಿತು. ಅಲ್ಲಿ 94 ರಿಪಬ್ಲಿಕನ್ನರೂ 111 ಡೆಮಾಕ್ರಾಟರೂ ಒಂದೇ ಸಾಲಿನಲ್ಲಿದ್ದರು. ಎದುರು ಸಾಲಿನಲ್ಲಿ ಸ್ಪೀಕರ್ ಜಾನ್ ಬೇನರ್ ಮತ್ತು ಅವರ ಬದ್ಧ ರಾಜಕೀಯ ಎದುರಾಳಿ ನ್ಯಾನ್ಸಿ ಪೆಲೋಸಿ ಜೊತೆಯಾಗಿ ಇದ್ದರು. 2014ರ ಮೇ ತಿಂಗಳಲ್ಲಿ, ವೈದ್ಯಕೀಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟ ರಾಜ್ಯಗಳ ತಂಟೆಗೆ ಕೇಂದ್ರ ಸರ್ಕಾರ ಹೋಗಬಾರದು ಎನ್ನುವ ತಿದ್ದುಪಡಿ 219-189ರಿಂದ ಗೆದ್ದಾಗ 49 ರಿಪಬ್ಲಿಕನ್ನರು ಅತ್ತ ಬಂದಿದ್ದರು. ರಫ್ತುದಾರರಿಗೆ ಸರ್ಕಾರಿ ಸಾಲದ ಆಸರೆ ಕೊಡುವ ಎಕ್ಸ್‌ಪೋರ್ಟ್-ಇಂಪೋರ್ಟ್ ಬ್ಯಾಂಕಿಗೆ 2015ರಲ್ಲಿ ಮರುಜೀವ ಕೊಟ್ಟಾಗ ರಿಪಬ್ಲಿಕನ್ನರು 127-117 ಎಂದು ಸರಿಸುಮಾರು ಅರ್ಧಕ್ಕರ್ಧ ಸೀಳಿದ್ದರು. ಮಾರುಕಟ್ಟೆಯ ಪರ ಎನ್ನುವವರು ಯಾರು, ಉದ್ಯಮಿಗಳ ಪರ ಎನ್ನುವವರು ಯಾರು ಎಂಬುದು ಇಂಥ ದಿನ ಗೊತ್ತಾಗುತ್ತದೆ.

ಈಗ ರಯಾನ್ ಮತ್ತು ವೈಡನ್. ಇಬ್ಬರೂ ಮತ ಹಾಕಿರುವ ಏಳು ವಿಷಯಗಳನ್ನು ತೆಗೆದುಕೊಳ್ಳೋಣ. ಒಬ್ಬರು ಹೌಸ್‌ನಲ್ಲಿ, ಇನ್ನೊಬ್ಬರು ಸೆನೆಟ್‌ನಲ್ಲಿ.

ಸರ್ಕಾರದ ಗೂಢಚರ್ಯೆಯ ಅಧಿಕಾರ ಹೆಚ್ಚಿಸಿದ 2001ರ ಪೇಟ್ರಿಯಟ್ ಕಾಯ್ದೆ: ಇಬ್ಬರೂ ಪರ, ಇಬ್ಬರಿಗೂ ಮೈನಸ್. ಸೆನೆಟ್‌ನಲ್ಲಿ ಅದನ್ನು ವಿರೋಧಿಸಿದ್ದು ರಸ್ ಫೈನ್‌ಗೋಲ್ಡ್ ಒಬ್ಬರೇ. 2002ರ ಇರಾಕ್ ಯುದ್ಧದ ಅನುಮತಿ: ರಯಾನ್ ಪರ, ವೈಡನ್ ವಿರೋಧ. 2003ರಲ್ಲಿ ಮೆಡಿಕೇರ್‌ಗೆ ಔಷಧ ಸೌಲಭ್ಯ ಸೇರಿಸಿದ್ದು: ಇಬ್ಬರೂ ಪರ, ಮತ್ತೆ ಇಬ್ಬರಿಗೂ ಮೈನಸ್. 2005ರ ಕಾಫ್ಟಾ: ಇಬ್ಬರೂ ಪರ, ಚುಕ್ಕಿ ಸಮೇತ ಪ್ಲಸ್. 2008ರ ಟಾರ್ಪ್: ರಯಾನ್ ಪರ, ವೈಡನ್ ವಿರೋಧ. 2009ರ 78,700 ಕೋಟಿ ಡಾಲರಿನ ಆರ್ಥಿಕ ಉತ್ತೇಜನ: ರಯಾನ್ ವಿರೋಧ, ವೈಡನ್ ಪರ. ಒಬಾಮಾ ಆರೋಗ್ಯ ಕಾಯ್ದೆ: ರಯಾನ್ ವಿರೋಧ, ವೈಡನ್ ಪರ.

ಕೂಡಿಸಿ. ರಯಾನ್‌ಗೆ ಏಳರಲ್ಲಿ ಮೂರು. ವೈಡನ್‌ಗೂ ಏಳರಲ್ಲಿ ಮೂರು. ಇದೇ ನನಗೆ ಮೊದಲ ಆಶ್ಚರ್ಯ.

ಈಗ ಜರಡಿ ಹಿಡಿಯಿರಿ. ತನ್ನ ಪಕ್ಷದ ಬಹುಪಾಲು ಸದಸ್ಯರು ಇದ್ದ ಕಡೆಯೇ ನಿಂತು ಗಳಿಸಿದ ಪ್ಲಸ್ ಅನ್ನು ತೆಗೆದುಹಾಕಿ, ಅದಕ್ಕೆ ಆತ ಏನೂ ಬೆಲೆ ತೆತ್ತಿಲ್ಲ. ರಯಾನ್‌ರ ಮೂರು ಪ್ಲಸ್‌ಗಳಾದ ಕಾಫ್ಟಾ, ಉತ್ತೇಜನ, ಆರೋಗ್ಯ ಕಾಯ್ದೆ ಮೂರೂ ಪಕ್ಷದ ಜೊತೆಗೇ ಬಂದವು. ಮೂರೂ ಉದುರಿದವು. ಉಳಿದ ನಾಲ್ಕರಲ್ಲಿ ಸೊನ್ನೆ. ವೈಡನ್‌ರ ಮೂರು ಪ್ಲಸ್ ನೋಡಿ. ಇರಾಕ್ ವಿಷಯದಲ್ಲಿ ಸೆನೆಟ್‌ನ ಡೆಮಾಕ್ರಾಟರು 29-21ರಂತೆ ಯುದ್ಧದ ಪರ ಇದ್ದರು, ಕಾಫ್ಟಾಕ್ಕೆ ಬಹುಪಾಲು ಡೆಮಾಕ್ರಾಟರ ವಿರೋಧವಿತ್ತು, ಟಾರ್ಪ್‌ಗೆ ಬಹುಪಾಲು ಡೆಮಾಕ್ರಾಟರ ಬೆಂಬಲವಿತ್ತು. ಮೂರರಲ್ಲೂ ಅವರು ಪಕ್ಷದ ಬಹುಮತಕ್ಕೆ ಎದುರು ನಿಂತವರು. ಏಳರಲ್ಲಿ ಮೂರು ಹಾಗೇ ಉಳಿಯಿತು.

ಇದನ್ನು ಹಿಡಿದುಕೊಂಡು ವೈಡನ್ ಲಿಬರ್ಟೇರಿಯನ್ ಎಂದು ಸಾರಲು ಹೊರಟರೆ ಅದೂ ತಪ್ಪು. ಉತ್ತೇಜನ ಮತ್ತು ಆರೋಗ್ಯ ಕಾಯ್ದೆ ಸಣ್ಣ ಮೈನಸ್‌ಗಳಲ್ಲ. ಏಳು ಮತ ಎಂಬುದು ತೀರ ಕಡಿಮೆ, ನಿಮ್ಮ ಪಟ್ಟಿಯಲ್ಲಿ ಮೂವತ್ತಾದರೂ ಇರಲಿ. ರಯಾನ್‌ಗೆ ಅನ್ಯಾಯವೂ ಆಗಬಾರದು. ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ಮತ್ತು ಮೆಡಿಕೇರ್‌ಗೆ ಕೈಹಾಕುವ ತಮ್ಮ ನೀಲನಕ್ಷೆಯನ್ನು 2008 ಮತ್ತು 2010ರಲ್ಲಿ ಅವರು ಮುಂದಿಟ್ಟಾಗ ಅವರದೇ ಪಕ್ಷದ ಬಹುಪಾಲು ಜನ ಮಾರು ದೂರ ನಿಂತಿದ್ದರು. ಅಂಥ ಧೈರ್ಯಕ್ಕೆ ರೋಲ್ ಕಾಲ್‌ನಲ್ಲಿ ಕಾಲಂ ಇಲ್ಲ. ಮಸೂದೆ ಮಂಡಿಸಿದ್ದು, ಸಹಿ ಹಾಕಿದ್ದು, ಇವಕ್ಕೆ ಬೇರೆ ಹಾಳೆ ಇಡಿ. ಆದರೆ ಎರಡನ್ನೂ ಕಲಸಬೇಡಿ. ಮಂಡಿಸುವುದು ಅಗ್ಗ, ಮತ ದುಬಾರಿ.

ಎಷ್ಟು ದುಬಾರಿ ಎಂಬುದಕ್ಕೆ 2003ರ ನವೆಂಬರ್ 22ರ ರಾತ್ರಿಯನ್ನೇ ನೋಡಿ. ಔಷಧ ಸೌಲಭ್ಯದ ಮಸೂದೆ ಹೌಸ್‌ನಲ್ಲಿ ಮತಕ್ಕೆ ಬಂದಾಗ ಬೆಳಗಿನ ಜಾವ 3 ಗಂಟೆ. ಎಲೆಕ್ಟ್ರಾನಿಕ್ ಮತಕ್ಕೆ ವಾಡಿಕೆಯ ಸಮಯ 15 ನಿಮಿಷ. ಹದಿನೈದು ನಿಮಿಷ ಮುಗಿಯಿತು, ಮಸೂದೆ ಸೋಲುತ್ತಿತ್ತು. ರಿಪಬ್ಲಿಕನ್ ನಾಯಕರು ಮತದಾನ ಮುಗಿಸಲೇ ಇಲ್ಲ. ಗೋಡೆಯ ಮೇಲಿನ ಫಲಕದಲ್ಲಿ 216-218 ಎಂಬ ಅಂಕಿ ಹಾಗೇ ಉರಿಯುತ್ತಿರಲು, ಕೆಳಗೆ ವಿರೋಧ ಹಾಕಿದ ರಿಪಬ್ಲಿಕನ್ನರನ್ನು ಒಬ್ಬೊಬ್ಬರಾಗಿ ಸುತ್ತುವರಿದು ಮಾತಾಡಿಸತೊಡಗಿದರು. ಸುಮಾರು ಮೂರು ತಾಸು ಕಳೆದ ಮೇಲೆ ಬುಚ್ ಓಟರ್ ಮತ್ತು ಟ್ರೆಂಟ್ ಫ್ರ್ಯಾಂಕ್ಸ್ ತಮ್ಮ ಮತ ಬದಲಿಸಿದರು, ಮಸೂದೆ 220-215ರಿಂದ ಗೆದ್ದಿತು. ಈ ಓಟರ್ ಯಾರೆಂದರೆ, ಎರಡು ವರ್ಷದ ಹಿಂದೆ ಪೇಟ್ರಿಯಟ್ ಕಾಯ್ದೆಗೆ ವಿರೋಧ ಹಾಕಿದ ಹೌಸ್‌ನ ಮೂವರೇ ಮೂವರು ರಿಪಬ್ಲಿಕನ್ನರಲ್ಲಿ ಒಬ್ಬರು. ಮೈಕ್ ಪೆನ್ಸ್, ಜೆಫ್ ಫ್ಲೇಕ್, ಪ್ಯಾಟ್ ಟೂಮಿ ಮುಂತಾದ 25 ರಿಪಬ್ಲಿಕನ್ನರು ಬೆಳಗಿನವರೆಗೂ ಜಗ್ಗಲಿಲ್ಲ. ನನ್ನ ಹಾಳೆಯಲ್ಲಿ ಆ 25 ಹೆಸರುಗಳ ಮುಂದಿರುವ ಪ್ಲಸ್ ಒಂದು ಗಾತ್ರ ದೊಡ್ಡದು. ಅದೇ ಮಸೂದೆಯಲ್ಲಿ ಲಿಬರ್ಟೇರಿಯನ್‌ಗಳು ಮೆಚ್ಚುವ ಆರೋಗ್ಯ ಉಳಿತಾಯ ಖಾತೆಯೂ ಇತ್ತು ಎಂಬುದನ್ನು ಪಕ್ಕದಲ್ಲಿ ಬರೆದುಕೊಂಡಿದ್ದೇನೆ.

6. ಗೈರು, ಹಾಜರ್, ಸ್ಪೀಕರ್

ಗೈರನ್ನು ಸೊನ್ನೆ ಎಂದು ಹಾಕಿ, ಮೈನಸ್ ಬೇಡ. ಕಾಯಿಲೆ, ಮನೆಯ ಕಷ್ಟ ಎಲ್ಲರಿಗೂ ಇರುತ್ತದೆ. ಆದರೆ ಅಂತರ ಸಣ್ಣದಿದ್ದಾಗ ಯಾರು ಗೈರಾಗಿದ್ದರು ಎಂದು ನೋಡಿ. 2020ರ ಮೇ 13ರಂದು, ಜನರ ಬ್ರೌಸಿಂಗ್ ಇತಿಹಾಸ ನೋಡಲು ವಾರಂಟ್ ಬೇಕು ಎನ್ನುವ ವೈಡನ್-ಡೇನ್ಸ್ ತಿದ್ದುಪಡಿಗೆ ಸೆನೆಟ್‌ನಲ್ಲಿ 59 ಪರ, 37 ವಿರೋಧ ಬಿತ್ತು. ಬೇಕಿದ್ದದ್ದು 60. ನಾಲ್ವರು ಗೈರು, ಅವರಲ್ಲಿ ಬರ್ನಿ ಸ್ಯಾಂಡರ್ಸ್ ಒಬ್ಬರು.

‘ಪ್ರೆಸೆಂಟ್’ ಎಂಬ ಮತವೂ ಉಂಟು, ಪರವೂ ಅಲ್ಲ ವಿರೋಧವೂ ಅಲ್ಲ. ಅದನ್ನೂ ಸೊನ್ನೆಗೆ ಸೇರಿಸಿ. ಸ್ಪೀಕರ್ ಆದವರು ವಾಡಿಕೆಯಂತೆ ಅಪರೂಪಕ್ಕೆ ಮತ ಹಾಕುತ್ತಾರೆ. ಹಾಗಾಗಿ 2015ರ ಅಕ್ಟೋಬರ್‌ನಿಂದಾಚೆ ರಯಾನ್‌ರ ದಾಖಲೆ ತೆಳ್ಳಗಾಗುತ್ತದೆ. ಆ ಕಾಲಕ್ಕೆ ಕೇಳಬೇಕಾದ ಪ್ರಶ್ನೆ ಅವರು ಯಾವ ಮಸೂದೆಯನ್ನು ಸದನಕ್ಕೆ ಬಿಟ್ಟರು, ಯಾವುದನ್ನು ಬಿಡಲಿಲ್ಲ ಎಂದು.

7. ಸಿದ್ಧ ಅಂಕಪಟ್ಟಿಗಳನ್ನು ಕೊನೆಗೆ ನೋಡಿ

ಸಿದ್ಧ ಅಂಕ ಕೊಡುವ ಸಂಸ್ಥೆಗಳಿಗೆ ಬರವಿಲ್ಲ. ನಿಮ್ಮ ಹಾಳೆ ಮುಗಿದ ಮೇಲೆ ತಾಳೆ ನೋಡಲು ಮಾತ್ರ ಅವನ್ನು ಬಳಸಿ. ನ್ಯಾಷನಲ್ ಟ್ಯಾಕ್ಸ್‌ಪೇಯರ್ಸ್ ಯೂನಿಯನ್ ಮತ್ತು ಕ್ಲಬ್ ಫಾರ್ ಗ್ರೋತ್ ಅಳೆಯುವುದು ಬಹುಮಟ್ಟಿಗೆ ಹಣದ ಕಾಲಂ ಒಂದನ್ನೇ. ಯುದ್ಧಕ್ಕೆ, ವಾರಂಟ್‌ಗೆ ಅಲ್ಲಿ ಜಾಗವಿಲ್ಲ. ಅಲ್ಲಿ ನೂರಕ್ಕೆ ತೊಂಬತ್ತು ತೆಗೆದವರು ಮೂರನೇ ಕಾಲಂನಲ್ಲಿ ಫೇಲಾಗಬಹುದು. ಲಿಬರ್ಟೇರಿಯನ್ ಒಲವಿನ ಕೇಟೊ ಸಂಸ್ಥೆ ವ್ಯಾಪಾರದ ಮತಗಳನ್ನು ಸುಂಕ ಮತ್ತು ಸಬ್ಸಿಡಿ ಎಂದು ಎರಡಾಗಿ ಒಡೆದು ನೋಡಿದ ಕ್ರಮ ನನಗೆ ಹಿಡಿಸಿತು. ಸುಂಕ ಬೇಡ ಎನ್ನುವವರಲ್ಲಿ ಸಬ್ಸಿಡಿ ಬೇಕು ಎನ್ನುವವರು ಎಷ್ಟೊಂದು ಜನ ಎಂಬುದು ಅದರಿಂದ ಬಯಲಾಗುತ್ತದೆ.

ವೋಟ್‌ವ್ಯೂ ಎಂಬ ತಾಣ 1789ರಿಂದ ಇಂದಿನವರೆಗಿನ ಮತಗಳನ್ನೆಲ್ಲ ಗಣಿತಕ್ಕೆ ಹಾಕಿ ಪ್ರತಿ ಸದಸ್ಯನಿಗೂ ಎಡ-ಬಲದ ಗೆರೆಯ ಮೇಲೆ ಒಂದು ಜಾಗ ಕೊಡುತ್ತದೆ. ಕೆಲಸ ದೊಡ್ಡದು, ಆದರೆ ಆ ಗಣಿತಕ್ಕೆ ಕಾರಣ ಗೊತ್ತಾಗುವುದಿಲ್ಲ. ಮಸೂದೆ ಸಾಕಷ್ಟು ಎಡಕ್ಕಿಲ್ಲವೆಂದು ತಮ್ಮದೇ ಪಕ್ಷಕ್ಕೆ ವಿರೋಧ ಹಾಕಿದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೋರ್ಟೆಜ್ ಅಂಥವರು ಅಲ್ಲಿ ಮಧ್ಯಮಪಂಥಿಗಳಂತೆ ಕಾಣಿಸಿಕೊಂಡದ್ದಿದೆ. ಫ್ರೀಡಂ ಕಾಯ್ದೆಯ ರ್‍ಯಾಂಡ್ ಪಾಲ್ ಕಥೆಯೇ, ಯಂತ್ರದ ಕೈಯಲ್ಲಿ.

8. ಇವತ್ತೇ ಶುರುಮಾಡುವುದಾದರೆ

2024ರ ಏಪ್ರಿಲ್ 12ರ ಹೌಸ್ ಮತವೊಂದನ್ನು ತೆರೆಯಿರಿ. ವಿದೇಶಿಯರ ಮೇಲೆ ಕಣ್ಣಿಡುವ ಫೈಸಾ ಕಾನೂನಿನ 702ನೇ ಸೆಕ್ಷನ್ ಅಡಿ ಕಲೆಹಾಕಿದ ರಾಶಿಯಲ್ಲಿ ಅಮೆರಿಕನ್ನರ ಮಾಹಿತಿ ಹುಡುಕಬೇಕಾದರೆ ವಾರಂಟ್ ಬೇಕು ಎನ್ನುವ ತಿದ್ದುಪಡಿ ಅದು. ಒಂದೇ ವಿಷಯ, ಎರಡೂ ಪಕ್ಷಗಳು ಒಡೆದಿವೆ, ಪ್ರಶ್ನೆ ನೇರವಾಗಿದೆ. ಮೇಲೆ ಹೇಳಿದ ಎಲ್ಲ ಹೆಜ್ಜೆಗಳನ್ನೂ ಈ ಒಂದೇ ಮತದ ಮೇಲೆ ಅಭ್ಯಾಸ ಮಾಡಬಹುದು.

ಫಲಿತಾಂಶ 212-212. ಹೌಸ್‌ನ ನಿಯಮದಂತೆ ಸಮ ಬಂದರೆ ಸೋಲು. ವಿರೋಧದ ಕಾಲಂನಲ್ಲಿ ಜೆ ಅಕ್ಷರದವರೆಗೆ ಇಳಿಯಿರಿ, ಸ್ಪೀಕರ್ ಮೈಕ್ ಜಾನ್ಸನ್ ಹೆಸರು ಸಿಗುತ್ತದೆ. ಸ್ಪೀಕರ್ ಆಗುವ ಮೊದಲು ನ್ಯಾಯಾಂಗ ಸಮಿತಿಯಲ್ಲಿದ್ದಾಗ ಈ ಗೂಢಚರ್ಯೆಗೆ ಕಡಿವಾಣ ಬೇಕು ಎನ್ನುತ್ತಿದ್ದವರು ಅವರು. ಸ್ಪೀಕರ್ ಮತ ಹಾಕಲೇಬೇಕೆಂಬ ಕಡ್ಡಾಯವಿರಲಿಲ್ಲ. ಹಾಕದೆ ಸುಮ್ಮನಿದ್ದಿದ್ದರೆ ಅಂಕಿ 212-211 ಆಗುತ್ತಿತ್ತು.